ಎರಡನೇ ಗೇರು ಇಲ್ಲದ ಕಾರು

"ಗೇರ್‌ಬಾಕ್ಸ್ ಹೋಯ್ತಾ?"

ಕಾರಿನ ಕಿಟಕಿಗೆ ಬಗ್ಗಿ ಆತ ಕೇಳಿದ ಮೊದಲ ಮಾತು ಇದು. ಮಾತಿಗಿಂತ ಅದನ್ನು ಕೇಳಿದ ರೀತಿಗೆ ಅವಳ ಮೈಯೆಲ್ಲ ಉರಿಯಿತು. ಆ ದನಿಯಲ್ಲಿ ಕನಿಕರ ಇರಲಿಲ್ಲ, ಸಿಟ್ಟೂ ಇರಲಿಲ್ಲ... ಸಂತೋಷ ಇತ್ತು!

ನ್ಯಾಯವಾಗಿ ಅವನಿಗೆ ಸಿಟ್ಟು ಬರಬೇಕಿತ್ತು. ಸಿಗ್ನಲ್ ಹಸಿರಾದಾಗ ಅವಳ ಕಾರು ಮುಂದೆ ಹೋಗುವುದು ಬಿಟ್ಟು ಹಿಂದಕ್ಕೆ ಜಾರಿ ಅವನ ಸ್ಕೂಟರನ್ನು ಕೆಡವಿತ್ತು. ಸ್ಕೂಟರಿನ ಮೇಲಿದ್ದ ದೊಡ್ಡ ಗಂಟು ಬಿಚ್ಚಿಕೊಂಡು ಶಾಲೆ ಮಕ್ಕಳ ನೀಲಿ ಸಮವಸ್ತ್ರಗಳು ರಸ್ತೆಯ ತುಂಬ ಹರಡಿದ್ದವು. ಹಿಂದಿನ ವಾಹನಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು.

"ಕ್ಷಮಿಸಿ, ನಾನು ಹಾಕಿದ್ದು ಒಂದನೇ ಗೇರು. ಅದು ರಿವರ್ಸಿಗೆ ಹೋಗಿ ಕೂತಿದೆ. ಈಗ ಬೇರೆ ಯಾವುದೂ ಬೀಳ್ತಿಲ್ಲ," ಎಂದಳು ಅವಳು, ಗೇರಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತ.

"ಇಂಜಿನ್ ಚೆನ್ನಾಗಿದೆ ಅಲ್ವಾ?"

"ಚೆನ್ನಾಗೇ ಇದೆ."

"ಹೊಗೆ ಗಿಗೆ?"

"ಇಲ್ಲ."

"ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಾ?"

"ನೀವೇನು ಪೊಲೀಸಾ?"

"ಅಲ್ಲ, ದರ್ಜಿ," ಎಂದ ಅವನು. ಬಾನೆಟ್ಟನ್ನು ಒಮ್ಮೆ ಮೆಲ್ಲಗೆ ತಟ್ಟಿದ, ಮಾರುಕಟ್ಟೆಯಲ್ಲಿ ಕುಂಬಳಕಾಯಿ ತಟ್ಟಿ ನೋಡುವವರ ಹಾಗೆ. "ಮಾರ್ತೀರಾ?"

ಸ್ಕೂಟರಿಗೆ ಗುದ್ದಿದ ತಪ್ಪು ತನ್ನದಲ್ಲದಿದ್ದರೆ ಅವಳು ಅಲ್ಲೇ ಅವನ ಚಳಿ ಬಿಡಿಸುತ್ತಿದ್ದಳು. ತಪ್ಪು ತನ್ನದಾದ್ದರಿಂದ ಕೆಳಗಿಳಿದು, ಬಿದ್ದ ಚಡ್ಡಿ ಅಂಗಿಗಳನ್ನು ಒಂದೊಂದಾಗಿ ಹೆಕ್ಕಿಕೊಟ್ಟಳು. ಹಲ್ಲು ಮಾತ್ರ ಕಟಕಟ ಕಡಿಯುತ್ತಿದ್ದಳು.

ಅವಳನ್ನು ಮನೆಯಲ್ಲಿ ಕರೆಯುವುದು ಗಡಿಬಿಡಿ ಎಂದು. ಅಪ್ಪ ಇಟ್ಟ ಅಡ್ಡಹೆಸರು. ಊಟ ಮುಗಿಯುವ ಮೊದಲೇ ಕೈ ತೊಳೆಯಲು ಏಳುವವಳು, ಮಾತು ಮುಗಿಯುವ ಮೊದಲೇ ಉತ್ತರ ಕೊಡುವವಳು. ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುವಾಗ ಮಾತ್ರ ಅವಳಿಗೆ ಅದೆಲ್ಲಿಂದಲೋ ತಾಳ್ಮೆ ಬರುತ್ತಿತ್ತು. ಆ ಅಂಗಡಿ ಅಪ್ಪನದು. ಆ ಡೀಸೆಲ್ ಕಾರೂ ಅಪ್ಪನದೇ. ಪೆಟ್ಟಿಗೆಯಲ್ಲಿ ಗಾಜುಗಳನ್ನು ತುಂಬಿಕೊಂಡು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಕಣ್ಣು ನೋಡಲು ಅಪ್ಪ ಅದನ್ನು ಓಡಿಸಿದ್ದರು. ಈಗ ಅಪ್ಪ ಇಲ್ಲ. ಅದೇ ಪೆಟ್ಟಿಗೆ ಇಟ್ಟುಕೊಂಡು ಅದೇ ಶಾಲೆಗಳಿಗೆ ಅವಳು ಹೋಗುತ್ತಿದ್ದಳು.

ಆ ಸಂಜೆ ಕಾರನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಿನಲ್ಲಿ ಬಿಟ್ಟು ಮನೆಗೆ ಬಂದರೆ, ಅಮ್ಮ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದರು. ಪಕ್ಕದಲ್ಲಿ ಅಕ್ಕ.

"ನಿಮ್ಮ ಭಾವನಿಗೆ ಇಲ್ಲಿಗೇ ವರ್ಗ ಆಗಿದೆ. ಮುಂದಿನ ತಿಂಗಳು ನಾವು ಈ ಮನೆಗೇ ಬರ್ತೀವಿ. ಇರೋದು ಒಂದು ಕಾರು ನಿಲ್ಲಿಸೋ ಜಾಗ," ಎಂದಳು ಅಕ್ಕ.

"ಅಪ್ಪನ ಕಾರು ಅಲ್ಲೇ ನಿಲ್ಲುತ್ತೆ."

"ಅಪ್ಪನೇ ಹೋದ ಮೇಲೆ ಕಾರು ಇಟ್ಕೊಂಡು ಏನೇ ಮಾಡ್ತೀಯಾ? ಪೂಜೆ ಮಾಡ್ತೀಯಾ?"

ಅಮ್ಮ ಇಬ್ಬರನ್ನೂ ನೋಡಿದರು. "ಓಡಿದ್ರೆ ಇರಲಿ. ನಿಮ್ಮ ಭಾವನ ಕಾರು ಬೀದೀಲಿ ನಿಲ್ಲುತ್ತೆ. ಓಡದೇ ಇದ್ದರೆ ಗುಜರಿಗೆ ಹೋಗಲಿ. ನಿಂತ ಕಾರನ್ನ ದಿನಾ ಬೆಳಗ್ಗೆ ಎದ್ದು ನೋಡೋ ಶಕ್ತಿ ನನಗಿಲ್ಲ ಕಣೇ," ಎಂದು ಎದ್ದು ಒಳಗೆ ಹೋದರು.

ಅಮ್ಮನ ಮಾತಿಗೆ ಅವಳು ಎದುರಾಡಲಿಲ್ಲ. ಹೇಗಾದರೂ ಮಾಡಿ ಓಡಿಸಬೇಕು, ಅಷ್ಟೇ ಎಂದುಕೊಂಡಳು.

ಅಷ್ಟೇ ಎನ್ನುವುದು ಸುಲಭ. ಗ್ಯಾರೇಜಿನ ಮೇಸ್ತ್ರಿಯನ್ನು ನೀವು ನೋಡಿಲ್ಲ. ಯಾವ ಪ್ರಶ್ನೆಗೂ ಕೂಡಲೇ ಉತ್ತರ ಕೊಟ್ಟ ಮನುಷ್ಯನಲ್ಲ ಅದು. ಕಾರಿನ ಕೆಳಗೆ ಮಲಗಿದರೆ ಆತ ರಿಪೇರಿ ಮಾಡುತ್ತಿದ್ದಾನೋ ನಿದ್ದೆ ಮಾಡುತ್ತಿದ್ದಾನೋ ಎಂದು ಹೇಳಲು ಬರುತ್ತಿರಲಿಲ್ಲ. ಅವಳು ಕಾದು ಕಾದು ಸಾಕಾಗಿ ಬಗ್ಗಿ ನೋಡಿದಾಗ ಆತ ತೆವಳಿಕೊಂಡು ಹೊರಗೆ ಬಂದ.

"ಒಂದು ಮಾತು ಕೇಳ್ತೀನಮ್ಮ. ನೀನು ಎರಡನೇ ಗೇರು ಹಾಕೋದೇ ಇಲ್ವಾ?"

"ಎರಡನೇ ಗೇರು ಯಾಕೆ ಹಾಕ್ಬೇಕು?"

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಮುಖ ಒರೆಸಿಕೊಂಡ. ಎಣ್ಣೆ ಇನ್ನಷ್ಟು ಹರಡಿತು.

"ಒಂದು ಆದ ಮೇಲೆ ಮೂರು, ಆಮೇಲೆ ನಾಲ್ಕು. ಎರಡು ಇರೋದು ಬೆಟ್ಟ ಹತ್ತೋದಕ್ಕೆ. ನಮ್ಮಪ್ಪ ಹಾಗೇ ಹೇಳಿಕೊಟ್ಟಿದ್ದು," ಎಂದಳು ಅವಳು ಧೈರ್ಯವಾಗಿ.

ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ತಿರುಗಿ ನೋಡಿದರೆ ಅದೇ ದರ್ಜಿ! ಹಳೆಯ ಕಾರೊಂದರ ಹಿಂದಿನ ಸೀಟನ್ನು ಕಿತ್ತು ಬೆಂಚಿನ ಹಾಗೆ ಇಟ್ಟಿದ್ದರು. ಅದರ ಮೇಲೆ ಕಾಲು ಚಾಚಿ ಕೂತಿದ್ದ.

"ನಗಬೇಡಪ್ಪ," ಎಂದ ಮೇಸ್ತ್ರಿ. "ಈ ಕಾರಿನ ಎರಡನೇ ಗೇರು ಸತ್ತು ಎಷ್ಟೋ ವರ್ಷ ಆಯ್ತಮ್ಮ. ಬಿಚ್ಚಿ ಸರಿ ಮಾಡ್ತೀನಿ, ಬಿಟ್ಟು ಹೋಗಿ ಅಂದ್ರೆ ನಿಮ್ಮಪ್ಪ ಬಿಡ್ತಿರಲಿಲ್ಲ. ಕಾರು ಇಲ್ಲಿ ನಿಂತರೆ ಶಾಲೆಗಳಿಗೆ ಹೋಗೋದು ಹೇಗೆ, ಮುಂದಿನ ತಿಂಗಳು ನೋಡೋಣ ಅಂತಿದ್ರು. ಒಂದರಿಂದ ಮೂರಕ್ಕೆ ಹಾರಿಸಿ ಹಾರಿಸಿ ಈಗ ಪೂರ್ತಿ ಹೋಗಿದೆ. ಬೇರೆ ಗೇರ್‌ಬಾಕ್ಸೇ ಬೇಕು. ಹೊಸದು ಎಲ್ಲೂ ಬರಲ್ಲ."

ಅವಳ ಮುಖ ಬಿಸಿಯಾಯಿತು. ಕಲಿತ ದಿನದಿಂದ ಯಾವ ಕಾರು ಹತ್ತಿದರೂ ಅವಳು ಒಂದರಿಂದ ನೇರ ಮೂರಕ್ಕೆ ಹಾಕುತ್ತಿದ್ದಳು. ಭಾವ ಕಾರು ಕೊಂಡ ಹೊಸದರಲ್ಲಿ ಅವಳು ಓಡಿಸಿದಾಗ ಅದು ಗಡಗಡ ನಡುಗಿ ನಿಂತದ್ದು, ಭಾವ ಇನ್ನೊಮ್ಮೆ ಕೀಲಿಕೈ ಕೊಡದಿದ್ದದ್ದು ಎಲ್ಲ ಈಗ ನೆನಪಾಯಿತು. *ಅಪ್ಪಾ... ಗೇರು ಕೆಟ್ಟಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?* ಅಪ್ಪನ ಮೇಲೆ ಸಿಟ್ಟು ಬಂತು. ಬೈಯೋಣ ಎಂದರೆ ಅಪ್ಪ ಇಲ್ಲವಲ್ಲ ಎಂಬುದು ನೆನಪಾಗಿ ಅಳು ಬಂತು. ದರ್ಜಿಯ ಎದುರು ಅಳಬಾರದು ಎಂದು ಮೇಸ್ತ್ರಿಯ ಕಡೆ ತಿರುಗಿದಳು.

"ಬೇರೆ ಗೇರ್‌ಬಾಕ್ಸ್ ಎಲ್ಲಿ ಸಿಗುತ್ತೆ?"

ಮೇಸ್ತ್ರಿ ಹಿತ್ತಿಲ ಕಡೆ ಕೈ ತೋರಿಸಿದ. ಅಲ್ಲಿ ಟಾರ್ಪಾಲಿನ್ ಹೊದ್ದು ಇನ್ನೊಂದು ಕಾರು ನಿಂತಿತ್ತು. ಅದೇ ಮಾದರಿ, ಅದೇ ಮೂತಿ.

"ಅದು ನಮ್ಮಮ್ಮನದು," ಎಂದ ದರ್ಜಿ ಕಾಲು ಮಡಚಿ ನೆಟ್ಟಗೆ ಕೂತು. "ಗೇರ್‌ಬಾಕ್ಸ್ ಬೆಣ್ಣೆ ಇದ್ದ ಹಾಗೆ. ಎರಡನೇ ಗೇರಂತೂ ಕಿರುಬೆರಳಲ್ಲಿ ಬೀಳುತ್ತೆ. ಇಂಜಿನ್ ಮಾತ್ರ ಹೋಗಿದೆ."

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಅವಳ ಕಾರಿನಲ್ಲಿ ಇಂಜಿನ್ ಇದೆ, ಗೇರ್‌ಬಾಕ್ಸ್ ಇಲ್ಲ. ಅವನ ಕಾರಿನಲ್ಲಿ ಗೇರ್‌ಬಾಕ್ಸ್ ಇದೆ, ಇಂಜಿನ್ ಇಲ್ಲ. ಎರಡರಲ್ಲಿ ಒಂದು ಬದುಕಬೇಕಾದರೆ ಇನ್ನೊಂದು ಸಾಯಬೇಕು. ಅದಕ್ಕೇ ಈ ಮನುಷ್ಯ ಅಂದು ರಸ್ತೆಯಲ್ಲಿ ಅಷ್ಟು ಹಿಗ್ಗಿದ್ದು.

"ನಿಮ್ಮ ಗೇರ್‌ಬಾಕ್ಸ್ ಕೊಡ್ತೀರಾ?"

"ನಿಮ್ಮ ಇಂಜಿನ್ ಕೊಡ್ತೀರಾ?"

"ಸಾಧ್ಯವೇ ಇಲ್ಲ."

"ನಂದೂ ಅದೇ ಮಾತು."

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿ, ಬೇರೆ ಊರುಗಳ ಗುಜರಿಗಳಲ್ಲಿ ವಿಚಾರಿಸ್ತೀನಿ, ಗೇರ್‌ಬಾಕ್ಸ್ ಸಿಕ್ಕ ದಿನ ಹಳೇದನ್ನ ಬಿಚ್ಚಲಾ ಎಂದು ಕೇಳಿದ. ಬಿಚ್ಚಿ ಎಂದಳು. ಸರಿ ಎಂದು ಆತ ಮತ್ತೆ ಕಾರಿನ ಕೆಳಗೆ ಹೋದ.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಅಂಗಡಿ ಮುಚ್ಚಿದ ಮೇಲೆ ಅವಳು ದಿನಾ ಗ್ಯಾರೇಜಿಗೆ ಬಂದು ಕೂರತೊಡಗಿದಳು. ಮೇಸ್ತ್ರಿಯನ್ನು ನಂಬಬಹುದು, ಆದರೆ ಈ ದರ್ಜಿ ಆತನಿಗೆ ಏನಾದರೂ ಹೇಳಿ ತನ್ನ ಇಂಜಿನ್ನಿಗೆ ಕೈ ಹಾಕಿಸಿದರೆ? ಕಾವಲಿಗೆ ಬಂದರೆ ಅವನೂ ಅಲ್ಲೇ! ತನ್ನ ಗೇರ್‌ಬಾಕ್ಸ್ ಕಾಯಲು ಬಂದಿದ್ದ. ಕೂರಲು ಇದ್ದದ್ದು ಒಂದೇ ಸೀಟು. ಇಬ್ಬರೂ ಎರಡು ತುದಿಯಲ್ಲಿ, ಬಸ್ಸಿನಲ್ಲಿ ಜಗಳವಾಡಿದ ಗಂಡಹೆಂಡಿರ ಹಾಗೆ, ಎದುರು ನೋಡುತ್ತ ಕೂರುತ್ತಿದ್ದರು.

ಎಷ್ಟು ದಿನ ಅಂತ ಸುಮ್ಮನೆ ಕೂರಲು ಆಗುತ್ತದೆ ಹೇಳಿ?

"ನಿಮ್ಮ ಕೋಟಿನ ಜೇಬು ಬಿಚ್ಚಿಹೋಗಿದೆ," ಎಂದ ಅವನು ಒಂದು ಸಂಜೆ.

"ಗೊತ್ತು. ಹೊಲಿಯೋಕೆ ಟೈಮಿಲ್ಲ."

ಅವನು ಅಂಗಿಯ ಕಾಲರಿನಿಂದ ಸೂಜಿ ತೆಗೆದು, ಅವಳ ಕೋಟನ್ನು ಕೈಚಾಚಿ ಇಸಿದುಕೊಂಡ. ಸೂಜಿಗೆ ದಾರ ಪೋಣಿಸಲು ಮಾತ್ರ ಒದ್ದಾಡಿದ. ಕೈ ದೂರ ಮಾಡಿದ, ಹತ್ತಿರ ತಂದ, ಒಂದು ಕಣ್ಣು ಮುಚ್ಚಿದ. ಅವಳಿಗೆ ನೋಡಲಾಗಲಿಲ್ಲ. ಸೂಜಿಯನ್ನು ಕಿತ್ತುಕೊಂಡು ತಾನೇ ಪೋಣಿಸಿದಳು.

"ನಾಳೆ ಅಂಗಡಿಗೆ ಬನ್ನಿ. ನಿಮಗೆ ಕನ್ನಡಕ ಬೇಕು."

"ಹೊಲಿಯೋ ಕೈಗೆ ಅಭ್ಯಾಸ ಇದೆ, ಕಣ್ಣೇನೂ ಬೇಡ."

"ಅದಕ್ಕೇ ನನ್ನ ಕಾರನ್ನ ನಿಮ್ಮದು ಅಂದ್ಕೊಂಡಿದ್ದೀರಾ?"

ಅವನು ಜೋರಾಗಿ ನಕ್ಕ. ಅವಳಿಗೂ ನಗು ಬಂದುಬಿಟ್ಟಿತು. ತಡೆಯಲು ನೋಡಿದಳು, ಆಗಲಿಲ್ಲ.

ಮರುದಿನ ಅವನು ಬಂದ. ಕತ್ತಲೆ ಕೋಣೆಯಲ್ಲಿ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ? ಇದಾ?" ಎಂದು ಅವಳು ಕೇಳುತ್ತಿದ್ದರೆ, ಅವನು ಅಕ್ಷರಗಳ ಬೋರ್ಡನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. "ಬೋರ್ಡು ಆ ಕಡೆ ಇದೆ," ಎಂದು ಗದರಿದಳು. ಗದರುವಾಗ ದನಿ ಯಾಕೋ ಸಣ್ಣದಾಯಿತು.

ಆಮೇಲಿನ ಸಂಜೆಗಳಲ್ಲಿ ಸೀಟಿನ ಎರಡು ತುದಿಗಳ ನಡುವೆ ಜಾಗ ಕಡಿಮೆಯಾಗುತ್ತ ಹೋಯಿತು. ಅವನ ಅಮ್ಮ ಆ ಕಾರಿನ ತುಂಬ ಸಮವಸ್ತ್ರ ಹೇರಿಕೊಂಡು ಶಾಲೆಗಳಿಗೆ ಹೋಗುತ್ತಿದ್ದರಂತೆ. ಇಂಜಿನ್ ನಿಂತ ಮೇಲೂ ಕಾರು ಮಾರಲು ಬಿಡಲಿಲ್ಲವಂತೆ. ತೀರಿಹೋಗುವ ಮೊದಲು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, ಕಾರು ಸರಿ ಮಾಡಿಸಿದೆಯಾ ಎಂದು ಕೇಳುತ್ತಿದ್ದರಂತೆ.

"ಮಾಡಿಸ್ತಿದ್ದೀನಿ ಅಂತ ಸುಳ್ಳು ಹೇಳ್ತಿದ್ದೆ," ಎಂದ ಅವನು. "ಅದನ್ನ ನಿಜ ಮಾಡೋಣ ಅಂತ ಒದ್ದಾಡ್ತಿದ್ದೀನಿ."

ಅವಳು ಅಪ್ಪನ ಕಥೆ ಹೇಳಿದಳು. ಗಾಜಿನ ಪೆಟ್ಟಿಗೆ ಅಲುಗಾಡಬಾರದೆಂದು ಅಪ್ಪ ಅದಕ್ಕೂ ಸೀಟ್ ಬೆಲ್ಟ್ ಹಾಕುತ್ತಿದ್ದದ್ದು, ತನಗೆ ಹಾಕಿಕೊಳ್ಳಲು ಮರೆಯುತ್ತಿದ್ದದ್ದು. ಕಾರು ಓಡದಿದ್ದರೆ ಗುಜರಿಗೆ ಹೋಗುತ್ತದೆ ಎಂಬ ಅಮ್ಮನ ಮಾತನ್ನೂ ಹೇಳಿದಳು. "ಸ್ಟಾರ್ಟ್ ಮಾಡಿದಾಗ ಬರೋ ಸದ್ದಿದೆಯಲ್ಲ... ಅಪ್ಪ ಮನೆಗೆ ಬಂದ್ರು ಅನ್ನಿಸುತ್ತೆ. ಆ ಸದ್ದು ಹೋದ್ರೆ ನಾನು ಏನು ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

ಅವನು ತುಂಬ ಹೊತ್ತು ಟಾರ್ಪಾಲಿನ್ ಕಡೆ ನೋಡುತ್ತ ಕೂತಿದ್ದ.

ಅದರ ಮರುದಿನ ಸಂಜೆ ಅವಳು ಅವನ ಕನ್ನಡಕ ಸಿದ್ಧಮಾಡಿ ಚೀಲದಲ್ಲಿ ಇಟ್ಟುಕೊಂಡು ಗ್ಯಾರೇಜಿಗೆ ಓಡಿದಳು. ದಾರಿಯಲ್ಲಿ ಎರಡು ಸಲ ಕೂದಲು ಸರಿಮಾಡಿಕೊಂಡಳು. ಯಾಕೆ ಎಂದು ಕೇಳಿದ್ದರೆ ಗಾಳಿ ಎನ್ನುತ್ತಿದ್ದಳು.

ಒಳಗೆ ಕಾಲಿಟ್ಟವಳು ನಿಂತಲ್ಲೇ ನಿಂತಳು.

ಅಪ್ಪನ ಕಾರಿನ ಬಾನೆಟ್ ತೆರೆದಿತ್ತು. ಮೇಲಿನ ತೊಲೆಯಿಂದ ಇಳಿಬಿಟ್ಟ ದಪ್ಪ ಸರಪಳಿಯ ಕೊಕ್ಕೆ ಇಂಜಿನ್ನಿಗೆ ಸಿಕ್ಕಿಸಿತ್ತು. ಸರಪಳಿ ಬಿಗಿಯಾಗಿತ್ತು. ಪಕ್ಕದಲ್ಲಿ ಅಂಗಿಯ ತೋಳು ಮಡಚಿ, ಮೊಣಕೈವರೆಗೆ ಎಣ್ಣೆ ಮಾಡಿಕೊಂಡು ನಿಂತಿದ್ದವನು ದರ್ಜಿ. ಮೇಸ್ತ್ರಿ ಜಾಕ್ ತರಲು ಹೊರಗೆ ಹೋಗಿದ್ದ. ಅದು ಅವಳಿಗೆ ಹೇಗೆ ಗೊತ್ತಾಗಬೇಕು?

"ಏನಿದು?"

ಅವನು ಬೆಚ್ಚಿಬಿದ್ದ. "ನೀವು ಇಷ್ಟು ಬೇಗ..."

"ಬೇಗ ಬಂದದ್ದೇ ತಪ್ಪಾಯ್ತು ಅಲ್ವಾ? ಇನ್ನೊಂದು ಗಂಟೆ ಬಿಟ್ಟು ಬಂದಿದ್ರೆ ಇಂಜಿನ್ ನಿಮ್ಮ ಕಾರಲ್ಲಿ ಇರ್ತಿತ್ತು!"

"ಹಾಗಲ್ಲ, ಈ ಸರಪಳಿ ಹಾಕಿರೋದು..."

"ಸಾಕು. ನಿನ್ನೆ ನಾನು ನನ್ನ ಸಂಕಟ ಹೇಳ್ಕೊಂಡೆ. ನೀವು ಅಷ್ಟು ಹೊತ್ತು ಟಾರ್ಪಾಲಿನ್ ನೋಡ್ತಾ ಇದೇ ಲೆಕ್ಕ ಹಾಕ್ತಿದ್ರಿ ಅಂತ ಈಗ ಗೊತ್ತಾಯ್ತು. ಜೇಬು ಹೊಲಿದಿದ್ದೂ ಇದಕ್ಕೇನಾ?"

ಅವನ ಮುಖ ಬಿಳುಚಿಕೊಂಡಿತು. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, "ಜೇಬು ಹರಿದಿತ್ತು, ಹೊಲಿದೆ," ಎಂದಷ್ಟೇ ಹೇಳಿ ಅವಳ ಪಕ್ಕದಿಂದ ಹೊರಗೆ ನಡೆದುಬಿಟ್ಟ.

ಅವಳೂ ನಿಲ್ಲಲಿಲ್ಲ. ಜಾಕ್ ಹಿಡಿದು ಬಂದ ಮೇಸ್ತ್ರಿಗೆ, ನನ್ನ ಇಂಜಿನ್ನಿಗೆ ಯಾರಾದರೂ ಕೈ ಹಾಕಿದರೆ ಸರಿ ಇರಲ್ಲ ಎಂದು ಕೂಗಿ ಹೊರಟಳು. ಆತ ಏನೋ ಹೇಳಲು ಬಾಯಿ ತೆರೆದ. ಆತ ಬಾಯಿ ತೆರೆದು ಮಾತು ಹೊರಡುವಷ್ಟರಲ್ಲಿ ಅವಳು ರಸ್ತೆಯ ತಿರುವು ದಾಟಿದ್ದಳು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಕಾರಿಗಾಗಿ ಅತ್ತಳೋ, ಅವನಿಗಾಗಿ ಅತ್ತಳೋ... ಅವಳನ್ನು ಕೇಳಿದ್ದರೆ ಕಾರಿಗೆ ಎನ್ನುತ್ತಿದ್ದಳು. ಕನ್ನಡಕ ಮಾತ್ರ ಚೀಲದಲ್ಲೇ ಉಳಿಯಿತು.

ಅಕ್ಕನ ಸಾಮಾನು ಬರುವ ಹಿಂದಿನ ದಿನ ಮೇಸ್ತ್ರಿಯ ಫೋನ್ ಬಂತು. "ಕಾರು ರೆಡಿ ಇದೆ. ಬಂದು ತಗೊಂಡು ಹೋಗಮ್ಮ."

ಅವಳು ಹಾರಿಕೊಂಡು ಹೋದಳು. ಬಾನೆಟ್ ತೆರೆದು ನೋಡಿದರೆ ಇಂಜಿನ್ ಇದ್ದಲ್ಲೇ ಇದೆ. ಅಂದು ತಾನು ಹೋಗಿ ಕೂಗಾಡಿದ್ದಕ್ಕೇ ಉಳಿಯಿತು ಎಂದು ಮನಸ್ಸಿನಲ್ಲೇ ಬೀಗಿದಳು.

"ಗೇರ್‌ಬಾಕ್ಸ್ ಯಾವ ಊರಿನ ಗುಜರೀಲಿ ಸಿಕ್ತು?"

"ಸಿಕ್ತು ಅಂದ್ರೆ ಸಿಕ್ತು. ಓಡಿಸ್ಕೊಂಡು ಹೋಗು," ಎಂದು ಮೇಸ್ತ್ರಿ ಕಾರಿನ ಕೆಳಗೆ ಹೋಗಿ ಮಲಗಿದ. ಅದು ಬೇರೆಯವರ ಕಾರು. ಅದಕ್ಕೆ ರಿಪೇರಿಯೇ ಇರಲಿಲ್ಲ.

ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅದೇ ಸದ್ದು! ಅವಳ ಕಣ್ಣು ತುಂಬಿತು. ಒಂದನೇ ಗೇರು ಹಾಕಿ ಹೊರಟಳು. ಅಭ್ಯಾಸದಂತೆ ಮೂರಕ್ಕೆ ಹಾಕಿದಳು. ಕಾರು ಗುರುಗುಟ್ಟಿತು. ಸೇತುವೆಯ ಏರು ಬಂದಾಗ ತಿಣುಕುತ್ತ ನಿಲ್ಲುವುದರಲ್ಲಿತ್ತು. ಹಿಂದೆ ಬಸ್ಸು. ಗಾಬರಿಯಲ್ಲಿ ಕೋಲನ್ನು ಎಡಕ್ಕೆ ಜಗ್ಗಿ ಹಿಂದಕ್ಕೆ ಎಳೆದಳು. ಅದು ಕಿರುಬೆರಳಿಗೂ ಭಾರವಾಗದಂತೆ ಮೆತ್ತಗೆ ಹೋಗಿ ಕೂತುಕೊಂಡಿತು. ಕಾರು ಆರಾಮವಾಗಿ ಏರು ಹತ್ತಿತು.

ಎರಡನೇ ಗೇರು.

ಬೆಣ್ಣೆ ಇದ್ದ ಹಾಗೆ.

ಅವಳು ಸೇತುವೆ ದಾಟಿ ಕಾರು ನಿಲ್ಲಿಸಿದಳು. ಗಾಡಿ ತಿರುಗಿಸಿ ಗ್ಯಾರೇಜಿಗೆ ಬಂದು, ನೇರ ಹಿತ್ತಿಲಿಗೆ ಹೋಗಿ ಟಾರ್ಪಾಲಿನ್ ಎತ್ತಿ ನೋಡಿದಳು. ಗೇರಿನ ಕೋಲು ಇರಬೇಕಾದ ಜಾಗದಲ್ಲಿ ತೂತಿತ್ತು. ತೂತಿನ ಮೂಲಕ ನೆಲದ ಮಣ್ಣು ಕಾಣುತ್ತಿತ್ತು.

"ಹೇಳಬೇಡ ಅಂದಿದ್ದ," ಎಂದ ಮೇಸ್ತ್ರಿ ಹಿಂದಿನಿಂದ. "ಅವತ್ತು ಬೆಳಗ್ಗೆಯೇ ಬಂದು, ನಂದರಲ್ಲಿರೋದು ಬಿಚ್ಚಿ ಅವರದಕ್ಕೆ ಹಾಕಿ ಅಂದ."

"ಹಾಗಾದ್ರೆ ನನ್ನ ಇಂಜಿನ್ನಿಗೆ ಸರಪಳಿ ಯಾಕೆ?"

"ಗೇರ್‌ಬಾಕ್ಸ್ ಕೆಳಗಿಳಿಸಿದ್ರೆ ಇಂಜಿನ್ ಒಂದು ಕಡೆ ಜೋತುಬೀಳುತ್ತಮ್ಮ. ಹಿಡಿದು ನಿಲ್ಲಿಸೋಕೆ ಸರಪಳಿ. ಅವನು ಅದನ್ನೇ ಹೇಳೋಕೆ ಹೊರಟ. ನೀನು ಹೇಳೋಕೆ ಬಿಟ್ಯಾ?"

ಬಿಡಲಿಲ್ಲ. ಅವಳು ಯಾರನ್ನು ತಾನೇ ಬಿಟ್ಟಿದ್ದಳು?

ದರ್ಜಿಯ ಅಂಗಡಿಯ ಎದುರು ಕಾರು ನಿಂತಾಗ ಅವನು ಕೊರಳಲ್ಲಿ ಟೇಪು ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದ. ಸದ್ದು ಕೇಳಿ ತಲೆಯೆತ್ತಿದ. ಏಳಲಿಲ್ಲ.

ಅವಳು ಒಳಗೆ ಬಂದಳು. ಚೀಲದಿಂದ ಕನ್ನಡಕ ತೆಗೆದು ಅವನ ಮುಂದೆ ಇಟ್ಟಳು.

"ಹಾಕ್ಕೊಳ್ಳಿ."

"ಬೇಡ."

"ಹಾಕ್ಕೊಳ್ಳಿ ಅಂದೆ. ನಾನು ತಪ್ಪಾಯ್ತು ಅಂತ ಹೇಳುವಾಗ ನನ್ನ ಮುಖ ನಿಮಗೆ ಸರಿಯಾಗಿ ಕಾಣಬೇಕು."

ಅವನು ಕನ್ನಡಕ ಹಾಕಿಕೊಂಡ. ಅವಳ ಕಣ್ಣು ಕೆಂಪಾಗಿದ್ದದ್ದು ಅವನಿಗೆ ಕಂಡಿರಬೇಕು. ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟ.

"ತಪ್ಪಾಯ್ತು," ಎಂದಳು. "ಪೂರ್ತಿ ನಂದೇ ತಪ್ಪು. ಆದರೆ ನೀವ್ಯಾಕೆ ಹೀಗೆ ಮಾಡಿದ್ರಿ? ಅದು ನಿಮ್ಮಮ್ಮನ ಕಾರು. ಇನ್ನು ಅದು ಯಾವತ್ತೂ ಓಡಲ್ಲ."

"ಅಮ್ಮನಿಗೆ ಆ ಕಾರು ಶಾಲೆ ಮುಂದೆ ಹೋಗಿ ನಿಲ್ಲಬೇಕಿತ್ತು, ಅಷ್ಟೇ. ಟಾರ್ಪಾಲಿನ್ ಕೆಳಗೆ ಇಟ್ಕೊಂಡು ನಾನು ಅವರಿಗೆ ಇನ್ನೂ ಸುಳ್ಳೇ ಹೇಳ್ತಿದ್ದೆ. ಈಗ ಅವರ ಅರ್ಧ ಕಾರಾದ್ರೂ ಶಾಲೆಗೆ ಹೋಗುತ್ತೆ." ಅವನು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ. "ಅದು ನಾನು ಮೇಸ್ತ್ರಿಗೆ ಹೇಳಿದ ಕಾರಣ. ಇನ್ನೊಂದು ಇದೆ."

"ಏನು?"

"ಗ್ಯಾರೇಜಿಗೆ ನಾನು ಕಾವಲು ಕಾಯೋಕೆ ಬರ್ತಿದ್ದದ್ದು ಮೊದಲ ಎರಡು ದಿನ ಮಾತ್ರ. ಆಮೇಲೆ ಬರ್ತಿದ್ದದ್ದು ನಿಮಗೋಸ್ಕರ. ನೀವು ಆ ಕಾರಿಗಾಗಿ ಅಳೋದು ನೋಡೋಕೆ ನನ್ನಿಂದ ಆಗ್ತಿರಲಿಲ್ಲ. ನಿಮ್ಮನ್ನ ಕಂಡ್ರೆ ನನಗೆ ತುಂಬ ಇಷ್ಟ. ಇದನ್ನ ಆ ಸಂಜೆ ಹೇಳ್ಬೇಕು ಅಂತಿದ್ದೆ. ಎಣ್ಣೆ ಕೈ ತೊಳ್ಕೊಂಡು."

ಗಡಿಬಿಡಿಗೆ ಜೀವನದಲ್ಲಿ ಮೊದಲ ಸಲ ಉತ್ತರ ಕೂಡಲೇ ಹೊಳೆಯಲಿಲ್ಲ. ಕಣ್ಣಿಂದ ನೀರು ಇಳಿಯಿತು. ಅದನ್ನು ಒರೆಸಿಕೊಳ್ಳಲೂ ಮರೆತು ನಿಂತಿದ್ದಳು.

"ನನಗೆ ಎರಡನೇ ಗೇರು ಬರಲ್ಲ," ಎಂದಳು ಕೊನೆಗೆ. "ಸೇತುವೆ ಮೇಲೆ ಬಸ್ಸಿಗೆ ಹೆದರಿ ಹಾಕಿದೆ, ಅಷ್ಟೇ. ಕಾರು ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಿದ್ದಾರೆ. ಪಕ್ಕದಲ್ಲಿ ಕೂತು ಹೇಳಿಕೊಡ್ತೀರಾ? ಇವತ್ತು ಮಾತ್ರ ಅಲ್ಲ."

ಅವನು ಕೊರಳಿನ ಟೇಪು ತೆಗೆದು ಮೇಜಿನ ಮೇಲಿಟ್ಟ.

ಹಳೆಯ ಕಾರು ಗುಡುಗುಡು ಎನ್ನುತ್ತ ಬೀದಿಗಿಳಿಯಿತು. ಅವಳು ಒಂದನೇ ಗೇರು ಹಾಕಿದಳು. ಕೈ ತಾನಾಗಿ ಮೂರರ ಕಡೆ ಹೊರಟಿತು. ಅವನ ಕೈ ಬಂದು ಅದರ ಮೇಲೆ ಕೂತಿತು.

"ಅವಸರ ಬೇಡ. ನೇರ ಹಿಂದಕ್ಕೆ ಎಳೀರಿ."

ಎಳೆದಳು. ಗೇರು ಸದ್ದಿಲ್ಲದೆ ಬಿತ್ತು. ಇಬ್ಬರ ಕೈಯೂ ಅಲ್ಲೇ ಉಳಿಯಿತು.

"ಈಗ ಮೂರಕ್ಕೆ ಹಾಕಲಾ?"

"ಸ್ವಲ್ಪ ಹೊತ್ತು ಇದರಲ್ಲೇ ಹೋಗೋಣ."

"ಹಿಂದೆ ಹಾರ್ನ್ ಹೊಡೀತಿದ್ದಾರೆ."

"ಹೊಡೀಲಿ ಬಿಡು."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ತುಟಿಯ ತುದಿಯಲ್ಲಿ ನಗು ಮೂಡಿತು. "ಬಿಡು ಅಂದ್ರಾ ನನಗೆ?"

"ಅಂದೆ."

"ಹಾಗಾದ್ರೆ ನೀನೂ ಕೈ ತೆಗೀಬೇಡ."